ಲೋಡ್ 10 ಇದೆ, ಸಿಪಿಯು ಸುಮ್ನೆ ಕೂತಿದೆ, ಕಿಲ್ ಮಾಡಿದರೂ ಪ್ರೊಸೆಸ್ ಸಾಯುತ್ತಿಲ್ಲ

ಚಾಮರಾಜಪೇಟೆ_ಅಚ್ಚುಮೊಳೆ, ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಯಾರಾದರೂ ಎಚ್ಚರ ಇದ್ದರೆ ದಾರಿ ತೋರಿಸಿ.

ನಮ್ಮದು ಚಾಮರಾಜಪೇಟೆಯಲ್ಲಿ ಒಂದು ಚಿಕ್ಕ ಪ್ರಕಾಶನ. ತಾತ ಅಚ್ಚುಮೊಳೆ ಜೋಡಿಸಿ ಪ್ರಿಂಟ್ ಮಾಡಿಸಿದ್ದ 600 ಪುಟದ ಪುಸ್ತಕವನ್ನು ಮತ್ತೆ ತರಬೇಕು ಅಂತ ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ. ಅದನ್ನು ಟೆಸರಾಕ್ಟ್‌ನಲ್ಲಿ (ಚಿತ್ರದಲ್ಲಿರುವ ಅಕ್ಷರ ಓದಿ ಟೆಕ್ಸ್ಟ್ ಮಾಡಿಕೊಡುವ ಪ್ರೋಗ್ರಾಂ) ಟೆಕ್ಸ್ಟ್ ಮಾಡುವ ಕೆಲಸ ನನ್ನದು. ಆಫೀಸಿನಲ್ಲಿ ಒಂದು ಉಬುಂಟು 24.04 ಮೆಷಿನ್ ಇದೆ, 4 ಕೋರ್, 8 ಜಿಬಿ ರ‍್ಯಾಮ್. ಸ್ಕ್ಯಾನ್‌ಗಳೆಲ್ಲ ಪಕ್ಕದ ನ್ಯಾಸ್ ಪೆಟ್ಟಿಗೆಯಲ್ಲಿವೆ (ನೆಟ್‌ವರ್ಕ್ ಮೇಲಿನ ಡಿಸ್ಕ್), ಎನ್‌ಎಫ್‌ಎಸ್‌ನಲ್ಲಿ ಮೌಂಟ್ ಮಾಡಿದ್ದೇನೆ, ಅಂದರೆ ಅದು ಈ ಮೆಷಿನ್‌ನ ಫೋಲ್ಡರಿನ ಹಾಗೇ ಕಾಣುತ್ತದೆ, ಟೆಕ್ಸ್ಟ್ ಫೈಲ್‌ಗಳೂ ಅಲ್ಲಿಗೇ ಹೋಗುತ್ತವೆ. ನಾನೇ ಬರೆದ ಪೈಥಾನ್ ಸ್ಕ್ರಿಪ್ಟ್ ಒಂದಿದೆ. ಅದು ಒಮ್ಮೆಗೆ ಎಂಟು ಪುಟಕ್ಕೆ ಎಂಟು ಟೆಸರಾಕ್ಟ್ ಬಿಡುತ್ತದೆ, ಎರಡು ನಿಮಿಷ ಕಾಯುತ್ತದೆ, ಮುಂದಿನ ಎಂಟು ಬಿಡುತ್ತದೆ.

ಸಂಜೆ ಮನೆಗೆ ಬಂದ ಮೇಲೆ 7 ಗಂಟೆಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಆ ಮೆಷಿನ್‌ಗೆ ಲಾಗಿನ್ ಆಗಿ) ನೋಡಿದಾಗ ಲೋಡ್ ಆವರೇಜ್ 25, 30 ಹೀಗೆ ಆಡುತ್ತಿತ್ತು, ಕೆಲಸ ಚೆನ್ನಾಗಿ ನಡೀತಿತ್ತು. ಊಟ ಮುಗಿಸಿ ಈಗ ನೋಡಿದರೆ ಲೋಡ್ 10. ಕಡಿಮೆ ಆಯ್ತು, ಒಳ್ಳೇದು ಅಂದುಕೊಂಡೆ. ಆದರೆ ಹೊಸ ಪುಟ ಒಂದೂ ಬಂದಿಲ್ಲ. ಓಡುತ್ತಿರುವ ಪ್ರೋಗ್ರಾಂಗಳನ್ನು (ಪ್ರೊಸೆಸ್) ತೋರಿಸುವ ಟಾಪ್‌ನಲ್ಲಿ ಯಾವ ಪ್ರೊಸೆಸ್ಸೂ ಸಿಪಿಯು 1 ಪರ್ಸೆಂಟ್ ಕೂಡ ತಗೊಳ್ತಿಲ್ಲ. ಸ್ಕ್ರಿಪ್ಟ್ ಓಡುವ ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಹತ್ತು ಸಲ ಒತ್ತಿದೆ, ಜಗ್ಗಲಿಲ್ಲ. ಬೇರೆ ಟರ್ಮಿನಲ್‌ನಿಂದ ಟೆಸರಾಕ್ಟ್‌ಗಳಿಗೆ ಕಿಲ್ -9 (ಬಲವಂತವಾಗಿ ಸಾಯಿಸುವ ಕಮಾಂಡ್) ಕೊಟ್ಟೆ, ಅವೂ ಹಾಗೇ ಕೂತಿವೆ. ನ್ಯಾಸ್ ತುಂಬಿದೆಯೇನೋ ಅಂತ ಡಿಎಫ್ ಹಾಕಿದೆ, ಅದೂ ಹಾಗೇ ನಿಂತುಬಿಟ್ಟಿದೆ. ಇದೆಲ್ಲದರ ಮೇಲೆ ಟಾಪ್‌ನ ಎರಡನೇ ಸಾಲಿನಲ್ಲಿ 416 ಜೋಂಬಿ ಅಂತ ಬರುತ್ತಿದೆ. ವೈರಸ್ ಏನಾದರೂ ಬಂತಾ?

ಎಲ್ಲಾ ಪ್ರೊಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಎಯುಎಕ್ಸ್ ಹಾಕಿದ ಪೂರ್ತಿ ಔಟ್‌ಪುಟ್ ಕೆಳಗೆ ಅಂಟಿಸಿದ್ದೇನೆ. ರೀಬೂಟ್ ಮಾಡಿಬಿಡಲಾ?

[ಔಟ್‌ಪುಟ್ ತೆಗೆಯಲಾಗಿದೆ]


ಹಳೇ_ಟರ್ಮಿನಲ್, ರಾತ್ರಿ 11:16

ಮೊದಲು ಆ ಔಟ್‌ಪುಟ್ ತೆಗೀರಿ. ಕೆಳಗಿನಿಂದ ಏಳೆಂಟನೇ ಸಾಲಿನಲ್ಲಿ ನಿಮ್ಮ ಬ್ಯಾಕಪ್ ಕಮಾಂಡ್ ಇದೆ, ಅದರ ಒಳಗೇ ಪಾಸ್‌ವರ್ಡ್ ಇದೆ, ಪೂರ್ತಿ ಕಾಣುತ್ತಿದೆ. ತೆಗೆದ ಮೇಲೆ ಆ ಪಾಸ್‌ವರ್ಡನ್ನೂ ಬದಲಾಯಿಸಿ.

ಕಮಾಂಡ್ ಸಾಲಿನಲ್ಲಿ ಬರೆದ ಪಾಸ್‌ವರ್ಡ್ ನಿಮ್ಮೊಬ್ಬರಿಗೇ ಕಾಣುತ್ತೆ ಅಂದುಕೊಳ್ಳಬೇಡಿ. ಮಾಮೂಲಿ ಲಿನಕ್ಸ್‌ನಲ್ಲಿ ಆ ಮೆಷಿನ್‌ಗೆ ಲಾಗಿನ್ ಆದ ಯಾರು ಬೇಕಾದರೂ ಪಿಎಸ್ ಹಾಕಿ ಎಲ್ಲರ ಕಮಾಂಡ್‌ಗಳನ್ನೂ ಓದಬಹುದು. ಪಾಸ್‌ವರ್ಡನ್ನು ಬೇರೆ ಫೈಲಿನಲ್ಲಿಟ್ಟು, ಆ ಫೈಲ್ ನಿಮ್ಮ ಯೂಸರ್ ಮಾತ್ರ ಓದುವ ಹಾಗೆ ಮಾಡಿ.


ಪೀಣ್ಯ_ಲ್ಯಾಬ್, ರಾತ್ರಿ 11:19

ಗುರು, ಇಷ್ಟು ಹೊತ್ತಲ್ಲಿ ತಲೆ ಯಾಕೆ ಕೆಡಿಸ್ಕೊಳ್ತೀರಿ, ರೀಬೂಟ್ ಮಾಡಿ ಮಲಗಿ. ನಮ್ಮ ಲ್ಯಾಬ್‌ನಲ್ಲಿ ನಾವು ಅದನ್ನೇ ಮಾಡೋದು. 416 ಜೋಂಬಿ ಅಂದ್ರೆ ಮೆಮೊರಿ ಎಲ್ಲ ಅವೇ ತಿಂದಿರಬೇಕು.


ಜಯನಗರ_ನಾಲ್ಕನೇ_ಬ್ಲಾಕ್, ರಾತ್ರಿ 11:24

ದಯವಿಟ್ಟು ರೀಬೂಟ್ ಮಾಡಬೇಡಿ. ನೀವು ಮನೇಲಿದ್ದೀರಿ, ಮೆಷಿನ್ ಚಾಮರಾಜಪೇಟೆಯಲ್ಲಿದೆ. ಮೌಂಟ್ ಸಿಕ್ಕಿಕೊಂಡಿದ್ದರೆ ಶಟ್‌ಡೌನ್ ಆಗುವಾಗ ಅದನ್ನು ಬಿಡಿಸಲು ಹೋಗಿ ಮೆಷಿನ್ ಅಲ್ಲೇ ನಿಲ್ಲಬಹುದು. ಅಷ್ಟರಲ್ಲಿ ಎಸ್‌ಎಸ್‌ಎಚ್ ಕೂಡ ಹೋಗಿರುತ್ತದೆ. ಆಮೇಲೆ ಏನಾಗಿತ್ತು ಅಂತ ನೋಡುವ ಅವಕಾಶವೂ ಇರುವುದಿಲ್ಲ.

ಪಿಎಸ್ ಎಯುಎಕ್ಸ್ ಬಿಡಿ, ಅದರಲ್ಲಿ ನಮಗೆ ಬೇಕಾದ ಮೂರು ಕಾಲಂ ಇಲ್ಲ. ಇದನ್ನು ಹಾಕಿ:

ಪಿಎಸ್ -ಇಒ ಪಿಐಡಿ,ಪಿಪಿಐಡಿ,ಸ್ಟ್ಯಾಟ್,ಇಟೈಮ್,ಡಬ್ಲ್ಯುಚಾನ್:25,ಆರ್ಗ್ಸ್

ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ. ಕಾಮಾ ಆದ ಮೇಲೆ ಸ್ಪೇಸ್ ಬಿಡಬೇಡಿ. ಪಿಐಡಿ ಅಂದರೆ ಪ್ರೊಸೆಸ್ಸಿನ ನಂಬರ್, ಪಿಪಿಐಡಿ ಅಂದರೆ ಅದನ್ನು ಹುಟ್ಟಿಸಿದ ಅಪ್ಪ ಪ್ರೊಸೆಸ್ಸಿನ ನಂಬರ್. ಇಟೈಮ್ ಅಂದರೆ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನೋದು. ಡಬ್ಲ್ಯುಚಾನ್ ಅಂದರೆ ಆ ಪ್ರೊಸೆಸ್ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಯಾವ ಜಾಗದಲ್ಲಿ ಕಾಯುತ್ತಾ ನಿಂತಿದೆ ಅನ್ನೋದು. 25 ಅಂದರೆ ಆ ಕಾಲಂನ ಅಗಲ, ಇಲ್ಲದಿದ್ದರೆ ಹೆಸರು ಅರ್ಧಕ್ಕೆ ಕತ್ತರಿಸಿ ತೋರಿಸುತ್ತದೆ.

ಬಂದದ್ದರಲ್ಲಿ ಟೆಸರಾಕ್ಟ್, ಪೈಥಾನ್, ಡಿಎಫ್ ಸಾಲುಗಳನ್ನಷ್ಟೇ ಇಲ್ಲಿ ಬರೆಯಿರಿ. ಜೊತೆಗೆ ಅಪ್‌ಟೈಮ್ ಅಂತ ಹೊಡೆದು ಬಂದ ಮೂರೂ ಲೋಡ್ ನಂಬರ್ ಕೊಡಿ. ಟಾಪ್‌ನ ಸಿಪಿಯು ಸಾಲಿನಲ್ಲಿ ಐಡಿ (ಸಿಪಿಯು ಸುಮ್ಮನಿರುವ ಪಾಲು), ಡಬ್ಲ್ಯುಎ (ಓದು ಬರಹಕ್ಕೆ ಕಾಯುವ ಪಾಲು) ಎಷ್ಟಿದೆ ಅದನ್ನೂ ಹೇಳಿ.


ಚಾಮರಾಜಪೇಟೆ_ಅಚ್ಚುಮೊಳೆ, ರಾತ್ರಿ 11:33

ಔಟ್‌ಪುಟ್ ತೆಗೆದೆ ಸರ್, ಪಾಸ್‌ವರ್ಡೂ ಬದಲಾಯಿಸಿದೆ. ತುಂಬಾ ಥ್ಯಾಂಕ್ಸ್, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮೇಡಂ, ನೀವು ಕೇಳಿದ್ದು ಇಲ್ಲಿದೆ. ಲೋಡ್ 10.02, 10.05, 10.01. ಸಿಪಿಯು ಸಾಲಿನಲ್ಲಿ ಐಡಿ 24, ಡಬ್ಲ್ಯುಎ 75.

ಟೆಸರಾಕ್ಟ್ ಎಂಟು ಇವೆ. ಎಂಟಕ್ಕೂ ಸ್ಟ್ಯಾಟ್ ಡಿ+, ಇಟೈಮ್ 03:12 ಗಂಟೆ ಚಿಲ್ಲರೆ, ಡಬ್ಲ್ಯುಚಾನ್ ಫೋಲಿಯೋ_ವೇಯ್ಟ್_ಬಿಟ್_ಕಾಮನ್. ಎಂಟರ ಅಪ್ಪನೂ ಪೈಥಾನೇ.

ಪೈಥಾನ್ ಒಂದು. ಸ್ಟ್ಯಾಟ್ ಡಿ+, ಡಬ್ಲ್ಯುಚಾನ್ ಆರ್‌ಪಿಸಿ_ವೇಯ್ಟ್_ಬಿಟ್_ಕಿಲ್ಲಬಲ್.

ಡಿಎಫ್ ಒಂದು. ಅದೂ ಡಿ+, ಡಬ್ಲ್ಯುಚಾನ್ ಪೈಥಾನಿಗೆ ಇದ್ದದ್ದೇ.

ಇವು ಬಿಟ್ಟು ಕೆಳಗೆ ಝಡ್+ ಅಂತ ಸಾಲು ಸಾಲು ಟೆಸರಾಕ್ಟ್, ಪ್ರತಿಯೊಂದರ ಮುಂದೆಯೂ ಡಿಫಂಕ್ಟ್ ಅಂತ ಬರೆದಿದೆ.


ಜಯನಗರ_ನಾಲ್ಕನೇ_ಬ್ಲಾಕ್, ರಾತ್ರಿ 11:52

ಬಹಳ ಚೆನ್ನಾಗಿ ಕೊಟ್ಟಿದ್ದೀರಿ. ಇಷ್ಟರಲ್ಲೇ ಎಲ್ಲಾ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಸ್ಟ್ಯಾಟ್ ಕಾಲಂನ ಮೊದಲ ಅಕ್ಷರವೇ ಪ್ರೊಸೆಸ್ಸಿನ ಸ್ಥಿತಿ. ಆರ್ ಅಂದರೆ ಓಡುತ್ತಿದೆ, ಇಲ್ಲಾ ಓಡಲು ಸಿಪಿಯುಗಾಗಿ ಕ್ಯೂನಲ್ಲಿ ನಿಂತಿದೆ. ಎಸ್ ಅಂದರೆ ನಿದ್ದೆ, ತಟ್ಟಿದರೆ ಏಳುತ್ತೆ. ನಿಮ್ಮ ಮೆಷಿನ್‌ನಲ್ಲಿ ಬಹಳಷ್ಟು ಪ್ರೊಸೆಸ್ ಯಾವಾಗಲೂ ಎಸ್‌ನಲ್ಲೇ ಇರುತ್ತವೆ, ಅದು ಸಹಜ. ಟಿ ಅಂದರೆ ತಡೆದು ನಿಲ್ಲಿಸಿದ್ದು, ಕಂಟ್ರೋಲ್-ಝಡ್ ಒತ್ತಿದಾಗ ಆಗುತ್ತಲ್ಲ, ಅದು. ಝಡ್ ಜೋಂಬಿ. ಇನ್ನು ಡಿ. ನಿಮ್ಮ ರಾತ್ರಿಯ ನಿದ್ದೆ ಕೆಡಿಸಿರುವುದು ಇದೇ. ಇದೂ ನಿದ್ದೆಯೇ, ಆದರೆ ತಟ್ಟಿದರೆ ಏಳದ ನಿದ್ದೆ. ಡಿಸ್ಕಿನಿಂದಲೋ ನೆಟ್‌ವರ್ಕಿನ ಆಚೆಯಿಂದಲೋ ಉತ್ತರ ಬರಬೇಕು, ಬರುವ ತನಕ ಕರ್ನಲ್ ಅದನ್ನು ಅಲ್ಲಿಂದ ಕದಲಿಸುವುದಿಲ್ಲ. ಮಾಮೂಲಿ ದಿನಗಳಲ್ಲಿ ಡಿ ಕಾಣಿಸಿದರೂ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ. ಮೂರು ಗಂಟೆ ಡಿ ಅಂದರೆ ಆಚೆ ಕಡೆ ಉತ್ತರ ಕೊಡುವವರೇ ಇಲ್ಲ ಅಂತ. ಅಕ್ಷರದ ಪಕ್ಕದ ಕೂಡಿಸುವ ಚಿಹ್ನೆ ಟರ್ಮಿನಲ್‌ನ ಮುಂದೆ ಓಡುತ್ತಿದೆ ಅನ್ನೋದಕ್ಕೆ ಅಷ್ಟೇ.

ಈಗ ನಿಮ್ಮ ಲೋಡ್ ನೋಡಿ. ಲಿನಕ್ಸ್‌ನಲ್ಲಿ ಲೋಡ್ ಆವರೇಜ್ ಅಂದರೆ ಸಿಪಿಯು ಎಷ್ಟು ಬಿಸಿ ಇದೆ ಅಂತ ಅಲ್ಲ. ಆರ್‌ನಲ್ಲಿ ಇರುವವು ಮತ್ತು ಡಿಯಲ್ಲಿ ಇರುವವು, ಎರಡೂ ಸೇರಿದ ಲೆಕ್ಕ ಅದು. ಕಳೆದ 1 ನಿಮಿಷ, 5 ನಿಮಿಷ, 15 ನಿಮಿಷದ ಸರಾಸರಿ. ನೀವೇ ಕೂಡಿಸಿ: ಟೆಸರಾಕ್ಟ್ ಎಂಟು, ಪೈಥಾನ್ ಒಂದು, ಡಿಎಫ್ ಒಂದು. ಹತ್ತು. ಮೂರೂ ನಂಬರ್ ಹತ್ತರ ಹತ್ತಿರವೇ ಅಲುಗಾಡದೆ ನಿಂತಿವೆ, ಯಾಕಂದರೆ ಆ ಹತ್ತೂ ಜನ ಅಲುಗಾಡುತ್ತಿಲ್ಲ. ಸಂಜೆ 30 ಇದ್ದಾಗ ಅವು ಆರ್, ಕೆಲಸ ಮಾಡುತ್ತಿದ್ದವು. ಈಗ 10 ಇದೆ, ಅವು ಡಿ, ನಿಂತಿವೆ. ನಂಬರ್ ಇಳಿಯಿತು ಅಂತ ನೀವು ಸಮಾಧಾನ ಪಟ್ಟುಕೊಂಡ ಹೊತ್ತಿಗೆ ಕೆಲಸ ನಿಂತು ಗಂಟೆಗಳೇ ಆಗಿದ್ದವು. ಲೋಡ್ ನಂಬರ್ ನೋಡಿದ ತಕ್ಷಣ ಸ್ಟ್ಯಾಟ್ ಅಕ್ಷರ ನೋಡಬೇಕು, ಅಕ್ಷರ ಇಲ್ಲದೆ ಆ ನಂಬರಿಗೆ ಅರ್ಥ ಇಲ್ಲ. ಡಬ್ಲ್ಯುಎ 75 ಅಂತ ಬರುತ್ತಿರುವುದೂ ಇದನ್ನೇ ಹೇಳುತ್ತಿದೆ, ಸಿಪಿಯು ಖಾಲಿ ಕೂತಿದೆ, ಯಾರದೋ ಓದು ಬರಹ ಮುಗಿಯಲಿ ಅಂತ.

ಇಟೈಮ್ 03:12. ನೀವು ಬರೆದದ್ದು 11:33ಕ್ಕೆ. ಹಿಂದಕ್ಕೆ ಎಣಿಸಿದರೆ ಈ ಎಂಟು ಟೆಸರಾಕ್ಟ್ ಹುಟ್ಟಿದ್ದು ಸುಮಾರು 8:20ಕ್ಕೆ. ಅಲ್ಲಿಂದ ಎರಡು ನಿಮಿಷದೊಳಗೆ ನ್ಯಾಸ್ ಮಾತಾಡುವುದನ್ನು ನಿಲ್ಲಿಸಿದೆ. 8:20ರ ಸುಮಾರಿಗೆ ಆಫೀಸಿನಲ್ಲಿ ಏನಾಯಿತು? ಮಳೆ, ಕರೆಂಟ್, ಏನಾದರೂ? ನಂಬಿಕೆ ಬರದಿದ್ದರೆ ಸುಡೋ ಡಿಮೆಸೇಜ್ (dmesg) ಹಾಕಿ ಕರ್ನಲ್ ಬರೆದಿಟ್ಟ ಕೊನೆಯ ಸಾಲುಗಳನ್ನು ಓದಿ. ಎನ್‌ಎಫ್‌ಎಸ್ ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಅನ್ನುವ ಅರ್ಥದ ಸಾಲು ಇರಬೇಕು. ಟೆಸರಾಕ್ಟ್ 120 ಸೆಕೆಂಡಿಗಿಂತ ಜಾಸ್ತಿ ಹೊತ್ತು ಸಿಕ್ಕಿಕೊಂಡಿದೆ ಅಂತಲೂ ಇರಬಹುದು.

ಇನ್ನು ಕಿಲ್ ಯಾಕೆ ಕೆಲಸ ಮಾಡುತ್ತಿಲ್ಲ ಅನ್ನೋದು. ಡಬ್ಲ್ಯುಚಾನ್ ಕಾಲಂ ಮತ್ತೆ ಓದಿ. ಪೈಥಾನ್ ಮತ್ತು ಡಿಎಫ್ ನಿಂತಿರುವ ಜಾಗದ ಹೆಸರಲ್ಲೇ ಕಿಲ್ಲಬಲ್ ಅಂತ ಇದೆ. ಡಿ ಸ್ಥಿತಿಯಲ್ಲೇ ಇದು ಸ್ವಲ್ಪ ಸಡಿಲವಾದ ಒಂದು ಬಗೆ, 2008ರ 2.6.25 ಕರ್ನಲ್‌ನಿಂದ ಬಂದದ್ದು. ಪ್ರಾಣ ತೆಗೆಯುವ ಸಿಗ್ನಲ್ ಬಂದರೆ ಮಾತ್ರ ಏಳುತ್ತದೆ, ಬೇರೆ ಯಾವುದಕ್ಕೂ ಏಳುವುದಿಲ್ಲ. ಕಂಟ್ರೋಲ್-ಸಿ ಹಾಗಾದರೆ ಯಾಕೆ ನಡೆಯಲಿಲ್ಲ ಅಂದರೆ, ಆ ಸಿಗ್ನಲ್ಲನ್ನು ಪೈಥಾನ್ ತಾನೇ ಹಿಡಿದು ತನ್ನ ರೀತಿಯಲ್ಲಿ ನೋಡಿಕೊಳ್ಳುತ್ತದೆ. ಹಾಗಾಗಿ ಕರ್ನಲ್ ಪಾಲಿಗೆ ಅದು ಪ್ರಾಣ ತೆಗೆಯುವ ಸಿಗ್ನಲ್ ಅಲ್ಲ. ಪೈಥಾನ್‌ಗೆ ಅದನ್ನು ನೋಡಿಕೊಳ್ಳಬೇಕಾದರೆ ಮೊದಲು ಕಾಯುವುದರಿಂದ ಹೊರಗೆ ಬರಬೇಕು, ಬರಲು ಆಗುತ್ತಿಲ್ಲ. ನೀವು ಕಿಲ್ ಕೊಟ್ಟದ್ದು ಟೆಸರಾಕ್ಟ್‌ಗಳಿಗೆ ಮಾತ್ರ ಅಲ್ವಾ? ಪೈಥಾನ್‌ಗೆ ಕೊಟ್ಟು ನೋಡಿ. 9 ಬೇಡ, ಬರೀ ಕಿಲ್, ಅದರ ಮುಂದೆ ಪಿಐಡಿ. ನಂಬರ್ ಹೇಳದಿದ್ದರೆ ಅದು 15 ಕಳಿಸುತ್ತದೆ, ಅಷ್ಟು ಸಾಕು.

ಟೆಸರಾಕ್ಟ್‌ಗಳ ಕಥೆ ಬೇರೆ. ಅವು ಪುಟ ಓದಿ ಮುಗಿಸಿವೆ, ಟೆಕ್ಸ್ಟ್ ಬರೆದಿವೆ, ಫೈಲ್ ಮುಚ್ಚುವಾಗ ಬರೆದದ್ದು ಸರ್ವರಿಗೆ ತಲುಪಲಿ ಅಂತ ಕಾಯುತ್ತಿವೆ. ಈ ಕಾಯುವಿಕೆಗೆ 9 ಕೂಡ ತಾಕುವುದಿಲ್ಲ. ನ್ಯಾಸ್ ಎದ್ದರೆ ಅವು ತಾನಾಗಿ ಮುಗಿಯುತ್ತವೆ. ಅಲ್ಲಿಯ ತನಕ ಬಿಟ್ಟುಬಿಡಿ.

ಜೋಂಬಿ ಬಗ್ಗೆ ಹೆದರಬೇಡಿ. 416 ಅನ್ನು 8ರಿಂದ ಭಾಗಿಸಿ, 52 ಬರುತ್ತೆ. 52 ಸುತ್ತು ಸರಿಯಾಗಿ ಮುಗಿದಿದೆ, ಅಂದರೆ ಅವು ನಿಮ್ಮ ಮುಗಿದ 416 ಪುಟಗಳೇ. ಮಗು ಪ್ರೊಸೆಸ್ ಮುಗಿದಾಗ ಏನಾಯಿತು ಅನ್ನೋ ಫಲಿತಾಂಶವನ್ನು ಅಪ್ಪ ಬಂದು ಕೇಳಲಿ ಅಂತ ಕರ್ನಲ್ ಒಂದು ಸಾಲು ಇಟ್ಟುಕೊಂಡಿರುತ್ತದೆ. ನಿಮ್ಮ ಸ್ಕ್ರಿಪ್ಟ್ ಎಂಟು ಬಿಡುತ್ತದೆ, ಮಲಗುತ್ತದೆ, ಮತ್ತೆ ಎಂಟು ಬಿಡುತ್ತದೆ, ಹಿಂದೆ ಬಿಟ್ಟವು ಏನಾದವು ಅಂತ ಒಮ್ಮೆಯೂ ಕೇಳುತ್ತಿಲ್ಲ. ಅದಕ್ಕೇ ಸಾಲು ಬೆಳೆದಿದೆ. ಪೀಣ್ಯದವರು ಹೇಳಿದ ಹಾಗೆ ಅವು ಮೆಮೊರಿ ತಿನ್ನುವುದಿಲ್ಲ. ಅವುಗಳ ಮೆಮೊರಿ ಎಲ್ಲ ಆಗಲೇ ವಾಪಸ್ ಹೋಗಿದೆ, ಉಳಿದಿರುವುದು ಪಿಐಡಿ ನಂಬರ್ ಮತ್ತು ಚಿಕ್ಕ ದಾಖಲೆ ಅಷ್ಟೇ. ಸತ್ತದ್ದನ್ನು ಮತ್ತೆ ಕಿಲ್ ಮಾಡಲು ಆಗಲ್ಲ. ಅಪ್ಪ ಹೋದರೆ ಅವನ್ನೆಲ್ಲ 1ನೇ ನಂಬರಿನ ಪ್ರೊಸೆಸ್ ದತ್ತು ತಗೊಂಡು ಲೆಕ್ಕ ಚುಕ್ತಾ ಮಾಡುತ್ತದೆ. ಆದ್ದರಿಂದ ಪೈಥಾನ್ ಕಿಲ್ ಮಾಡಿದ ಕ್ಷಣ 416 ಸೊನ್ನೆ ಆಗಬೇಕು. ಮಾಡಿ, ಇಲ್ಲೇ ಹೇಳಿ, ನಾನು ಎಚ್ಚರ ಇರ್ತೀನಿ.


ಚಾಮರಾಜಪೇಟೆ_ಅಚ್ಚುಮೊಳೆ, ರಾತ್ರಿ 12:06

ಮೇಡಂ!! ಪೈಥಾನ್‌ಗೆ ಬರೀ ಕಿಲ್ ಕೊಟ್ಟೆ, ಹೋಯ್ತು. ಟಾಪ್ ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದೆ, ಮುಂದಿನ ಸಲ ಪರದೆ ಬದಲಾದಾಗ 416 ಇದ್ದ ಜಾಗದಲ್ಲಿ 0. ಡಿಎಫ್ ಇದ್ದ ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಒತ್ತಿದೆ, ಅದು ತಕ್ಷಣ ಬಿಟ್ಟಿತು. ಲೋಡ್ ಮೆಲ್ಲಗೆ ಇಳಿದು ಈಗ 8.1 ಹತ್ತಿರ ಇದೆ. ಎಂಟು ಟೆಸರಾಕ್ಟ್ ಇನ್ನೂ ಡಿಯಲ್ಲಿವೆ, ಅವುಗಳ ಪಿಪಿಐಡಿ 1 ಆಗಿದೆ.

ಡಿಮೆಸೇಜ್‌ನಲ್ಲಿ ನೀವು ಹೇಳಿದ ಎರಡೂ ಸಾಲು ಇವೆ. ಪಕ್ಕದ ಅಂಗಡಿಯವರಿಗೆ ಫೋನ್ ಮಾಡೋಕೆ ಈಗ ತುಂಬಾ ಹೊತ್ತಾಗಿದೆ. ಆದರೆ ಸಂಜೆ ಅಲ್ಲಿ ಜೋರು ಮಳೆ ಅಂತ ನಮ್ಮ ಬೈಂಡಿಂಗ್ ಮಾಡುವವರು ವಾಟ್ಸಾಪ್‌ನಲ್ಲಿ ಹಾಕಿದ್ದರು, ಈಗ ನೋಡಿದರೆ 8:25ಕ್ಕೆ. ಮೆಷಿನ್ ಮತ್ತು ರೌಟರ್ ಯುಪಿಎಸ್‌ನಲ್ಲಿವೆ. ನ್ಯಾಸ್ ಮಾತ್ರ ನೇರ ಗೋಡೆಯ ಪ್ಲಗ್‌ನಲ್ಲಿದೆ. ಕರೆಂಟ್ ಹೋಗಿ ಬಂದರೆ ಅದು ತಾನಾಗಿ ಆನ್ ಆಗಲ್ಲ, ಬಟನ್ ಒತ್ತಬೇಕು. ಎಲ್ಲಾ ಅರ್ಥ ಆಯ್ತು. ಬೆಳಗ್ಗೆ ಮೊದಲ ಕೆಲಸ ಅದೇ.


ಪೀಣ್ಯ_ಲ್ಯಾಬ್, ರಾತ್ರಿ 12:15

ಜೋಂಬಿ ಮೆಮೊರಿ ವಿಷಯ ನನಗೆ ಗೊತ್ತಿರಲಿಲ್ಲ, ತಪ್ಪು ಹೇಳಿದೆ, ಸಾರಿ. ಈ ಥ್ರೆಡ್ ಸೇವ್ ಮಾಡಿಕೊಂಡೆ.

ಒಂದು ಡೌಟ್. ಎನ್‌ಎಫ್‌ಎಸ್‌ನಲ್ಲಿ ಸಾಫ್ಟ್ ಅಂತ ಒಂದು ಆಪ್ಷನ್ ಇದೆಯಲ್ಲ, ಅದನ್ನು ಹಾಕಿ ಮೌಂಟ್ ಮಾಡಿದ್ದರೆ ಸ್ವಲ್ಪ ಹೊತ್ತು ಕಾದು ಎರರ್ ಕೊಟ್ಟು ಹೊರಗೆ ಬರುತ್ತಿತ್ತು, ಹೀಗೆ ಮೂರು ಗಂಟೆ ನಿಲ್ಲುತ್ತಿರಲಿಲ್ಲ. ಅದನ್ನೇ ಹಾಕಿಕೊಳ್ಳಬಹುದಲ್ವಾ?

ಇನ್ನೊಂದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಪಿಎಸ್ ಹಾಕಿದರೆ ಐ ಅಂತ ಅಕ್ಷರ ಇರುವ ಸುಮಾರು ಸಾಲು ಬರುತ್ತವೆ, ಹೆಸರು ಚೌಕ ಕಂಸದೊಳಗಿದೆ. ಅದೇನು?


ಹಳೇ_ಟರ್ಮಿನಲ್, ಬೆಳಗ್ಗೆ 6:40

ಐ ಬಗ್ಗೆ ಮೊದಲು. ಚೌಕ ಕಂಸದಲ್ಲಿರುವವು ಕರ್ನಲ್‌ನದೇ ಥ್ರೆಡ್‌ಗಳು. ಅವಕ್ಕೆ ಕಮಾಂಡ್ ಸಾಲು ಇರುವುದಿಲ್ಲ, ಅದಕ್ಕೆ ಪಿಎಸ್ ಬರೀ ಹೆಸರನ್ನು ಕಂಸದೊಳಗೆ ಹಾಕಿ ತೋರಿಸುತ್ತದೆ. ಐ ಅಂದರೆ ಕೆಲಸ ಇಲ್ಲದೆ ಸುಮ್ಮನಿರುವ ಕರ್ನಲ್ ಥ್ರೆಡ್. ಅದು ಲೋಡ್ ಲೆಕ್ಕಕ್ಕೆ ಬರುವುದಿಲ್ಲ. ಬಿಟ್ಟುಬಿಡಿ.

ಸಾಫ್ಟ್ ಮೌಂಟ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಬರೆಯುವ ಜಾಗಕ್ಕೆ ಬೇಡವೇ ಬೇಡ. ಸಾಫ್ಟ್‌ನಲ್ಲಿ ಟೈಮ್ ಆದ ಮೇಲೆ ಕರ್ನಲ್ ಕೈಬಿಟ್ಟು ಎರರ್ ಕೊಡುತ್ತದೆ. ಎಷ್ಟೋ ಪ್ರೋಗ್ರಾಂಗಳು ಫೈಲ್ ಮುಚ್ಚುವಾಗ ಬಂದ ಎರರನ್ನು ನೋಡುವುದೇ ಇಲ್ಲ. ಪುಟ ಹೋಯಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ, ಪುಸ್ತಕ ಪ್ರಿಂಟ್ ಆದ ಮೇಲೆ ಯಾರೋ ಓದುಗರು ಫೋನ್ ಮಾಡಿ ಹೇಳಬೇಕು. ಸಾಫ್ಟ್ ಹಾಕದ ಮಾಮೂಲಿ ಮೌಂಟ್, ಅಂದರೆ ಹಾರ್ಡ್ ಮೌಂಟ್, ಮೂರು ಗಂಟೆ ನಿಲ್ಲಿಸಿತು, ನಿಜ. ಆದರೆ ಬರೆದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದೆ. ಪುಸ್ತಕದ ಸರ್ ಬೆಳಗ್ಗೆ ಹೋಗಿ ನ್ಯಾಸ್ ಆನ್ ಮಾಡಲಿ, ಆ ಎಂಟು ಪುಟ ಏನಾಯಿತು ಅಂತ ನೋಡಿ ಹೇಳಲಿ.

ನಾನು ಮಾಡುವುದು ಹೀಗೆ: ಸ್ಕ್ಯಾನ್ ಇರುವ ಫೋಲ್ಡರನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡುತ್ತೇನೆ, ಟೆಕ್ಸ್ಟನ್ನು ಮೆಷಿನ್‌ನ ಸ್ವಂತ ಡಿಸ್ಕಿಗೆ ಬರೆದು, ಎಲ್ಲಾ ಮುಗಿದ ಮೇಲೆ ಒಟ್ಟಿಗೆ ನ್ಯಾಸ್‌ಗೆ ಕಾಪಿ ಮಾಡುತ್ತೇನೆ.

ಇನ್ನೊಂದು ಮಾತು, ಇದು ಬಹಳ ಜನ ಎಡವುವ ಜಾಗ. ಪಿಎಸ್ ತೋರಿಸುವ ಸಿಪಿಯು ಪರ್ಸೆಂಟ್ ಮತ್ತು ಟಾಪ್ ತೋರಿಸುವ ಸಿಪಿಯು ಪರ್ಸೆಂಟ್ ಒಂದೇ ಅಲ್ಲ. ಟಾಪ್ ತನ್ನ ಹಿಂದಿನ ಪರದೆಯಿಂದ ಈಗಿನ ಪರದೆಯವರೆಗಿನ ಕೆಲವೇ ಸೆಕೆಂಡಿನ ಲೆಕ್ಕ ಹೇಳುತ್ತದೆ. ಪಿಎಸ್ ಹಾಗಲ್ಲ, ಪ್ರೊಸೆಸ್ ಹುಟ್ಟಿದಾಗಿನಿಂದ ಇವತ್ತಿನ ತನಕದ ಸರಾಸರಿ. ಮೂರು ದಿನ ಸುಮ್ನೆ ಇದ್ದು ಈಗ ಐದು ನಿಮಿಷದಿಂದ ಒಂದು ಕೋರ್ ಪೂರ್ತಿ ತಿನ್ನುತ್ತಿರುವ ಪ್ರೊಸೆಸ್ ಪಿಎಸ್‌ನಲ್ಲಿ 0.1 ಅಂತ ಕಾಣುತ್ತದೆ, ಟಾಪ್‌ನಲ್ಲಿ 100. ಮೊದಮೊದಲು ನಾನೇ ಇದರಿಂದ ಒಂದು ಇಡೀ ರಾತ್ರಿ ತಪ್ಪು ಪ್ರೊಸೆಸ್ ಹಿಂದೆ ಬಿದ್ದಿದ್ದೆ. ಸ್ಥಿತಿ, ಅಪ್ಪ ಮಕ್ಕಳು, ಎಷ್ಟು ಹೊತ್ತಾಯಿತು ಇವೆಲ್ಲಕ್ಕೆ ಪಿಎಸ್. ಈ ಕ್ಷಣ ಯಾರು ಜಾಸ್ತಿ ತಿನ್ನುತ್ತಿದ್ದಾರೆ ಅನ್ನೋದಕ್ಕೆ ಟಾಪ್.


ಚಾಮರಾಜಪೇಟೆ_ಅಚ್ಚುಮೊಳೆ, ಬೆಳಗ್ಗೆ 9:20

ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆದುಕೊಂಡೇ ಬಂದೆ, ಕಾಫಿಗೂ ನಿಲ್ಲಲಿಲ್ಲ. ನ್ಯಾಸ್ ಆಫ್ ಆಗಿತ್ತು, ಒಂದು ದೀಪವೂ ಇಲ್ಲ. ಟರ್ಮಿನಲ್‌ನಲ್ಲಿ ಆ ಪಿಎಸ್ ಕಮಾಂಡನ್ನು ವಾಚ್ ಜೊತೆ ಹಾಕಿ, ಎರಡು ಸೆಕೆಂಡಿಗೊಮ್ಮೆ ಬದಲಾಗುವ ಹಾಗೆ ಇಟ್ಟುಕೊಂಡು ಬಟನ್ ಒತ್ತಿದೆ. ನ್ಯಾಸ್ ಬೂಟ್ ಆಗುವ ತನಕ ಎಂಟು ಡಿ ಹಾಗೇ ಇದ್ದವು. ಆಮೇಲೆ ಒಂದೇ ಸಲಕ್ಕೆ ಐದು ಹೋದವು, ಮುಂದಿನ ಸಲಕ್ಕೆ ಉಳಿದ ಮೂರು. ರಾತ್ರಿ ನಾನು ಕೊಟ್ಟಿದ್ದ ಕಿಲ್ -9 ಬೆಳಗ್ಗೆ ಒಂಬತ್ತಕ್ಕೆ ತಾಕಿತು.

ಎಂಟು ಫೈಲ್ ತೆರೆದು ನೋಡಿದೆ ಸರ್. 417ರಿಂದ 424ರವರೆಗೆ ಎಲ್ಲಾ ಪೂರ್ತಿ ಇವೆ, ಕೊನೆಯ ಸಾಲಿನವರೆಗೆ. ಸ್ಕ್ಯಾನ್ ಪಕ್ಕದಲ್ಲಿಟ್ಟು ಓದಿದೆ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿವೆ, ಅದು ಬಿಡಿ, ಹಳೇ ಮೊಳೆ ಸವೆದಿರುವ ಕಡೆ ಹಾಗೇ ಆಗುತ್ತೆ. ಹಾರ್ಡ್ ಮೌಂಟ್ ಹಾಗೇ ಇಡುತ್ತೇನೆ. ನ್ಯಾಸ್ ಪ್ಲಗ್ ಈಗಲೇ ಯುಪಿಎಸ್‌ಗೆ ಹಾಕಿದೆ.

ಈಗ ಉಳಿದ 176 ಪುಟ ಶುರು ಮಾಡಬೇಕು. ಸ್ಕ್ರಿಪ್ಟ್ ಸರಿ ಮಾಡಿಕೊಂಡು ಹಾಕಲಾ, ಅಥವಾ ಬೇರೆ ದಾರಿ ಇದೆಯಾ? ಅಂದಹಾಗೆ 4 ಕೋರ್‌ಗೆ ಎಂಟು ಟೆಸರಾಕ್ಟ್ ಬಿಟ್ಟರೆ ಲೋಡ್ ಎಂಟು ಬರಬೇಕಲ್ವಾ ಮೇಡಂ, ನಿನ್ನೆ ಸಂಜೆ 30 ಹೇಗೆ ಬಂತು? ಅದು ಇನ್ನೂ ತಲೆಗೆ ಹೋಗಿಲ್ಲ.


ಜಯನಗರ_ನಾಲ್ಕನೇ_ಬ್ಲಾಕ್, ಬೆಳಗ್ಗೆ 9:58

ಎಂಟೂ ಪುಟ ಉಳಿದದ್ದು ಓದಿ ನಿಜಕ್ಕೂ ಖುಷಿ ಆಯ್ತು.

30 ಬಂದದ್ದು ಥ್ರೆಡ್‌ಗಳಿಂದ, ಅಂದರೆ ಒಂದೇ ಪ್ರೊಸೆಸ್ ಒಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳಿಂದ. ಲೋಡ್ ಲೆಕ್ಕದಲ್ಲಿ ಪ್ರೊಸೆಸ್ ಅಲ್ಲ, ಒಂದೊಂದು ಥ್ರೆಡ್ಡೂ ಬೇರೆ ಬೇರೆ. ಟೆಸರಾಕ್ಟ್ 4ನೇ ಆವೃತ್ತಿಯಿಂದ ಒಂದು ಪುಟ ಓದಲು ನಾಲ್ಕು ಥ್ರೆಡ್ ತನಕ ಎಬ್ಬಿಸುತ್ತದೆ. ಎಂಟು ನಾಲ್ಕಲೆ ಮೂವತ್ತೆರಡು. ನಾಲ್ಕು ಕೋರ್ ಮೇಲೆ ಮೂವತ್ತೆರಡು ಥ್ರೆಡ್ ಕಿತ್ತಾಡುತ್ತವೆ, ಒಂದನ್ನೊಂದು ಕಾಯುವುದರಲ್ಲೇ ಸಿಪಿಯು ಸುಮ್ನೆ ಖರ್ಚಾಗುತ್ತದೆ. ಟಾಪ್ ಒಳಗೆ ದೊಡ್ಡಕ್ಷರದ ಎಚ್ ಒತ್ತಿ ನೋಡಿ, ಪ್ರತಿ ಥ್ರೆಡ್ ಒಂದೊಂದು ಸಾಲಾಗಿ ಕಾಣುತ್ತದೆ. 1 ಒತ್ತಿದರೆ ಒಂದೊಂದು ಕೋರ್ ಬೇರೆ ಬೇರೆ. ಪಿಎಸ್‌ನಲ್ಲಿ ಆಗಿದ್ದರೆ ಸ್ಟ್ಯಾಟ್ ಅಕ್ಷರದ ಪಕ್ಕ ಸಣ್ಣ ಎಲ್ ಕಾಣುತ್ತದೆ, ಒಂದಕ್ಕಿಂತ ಜಾಸ್ತಿ ಥ್ರೆಡ್ ಇದೆ ಅಂತ ಅದರ ಅರ್ಥ.

ತುಂಬಾ ಪುಟ ಒಟ್ಟಿಗೆ ಓಡಿಸುವಾಗ ಒಂದು ಪುಟಕ್ಕೆ ಒಂದೇ ಥ್ರೆಡ್ ಸಾಕು. ಓಎಂಪಿ_ಥ್ರೆಡ್_ಲಿಮಿಟ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು 1 ಮಾಡಿ. ಇದು ಮಾತ್ರ ಎಲ್ಲಾ ದೊಡ್ಡಕ್ಷರ. ಪೈಥಾನ್ ಸ್ಕ್ರಿಪ್ಟ್ ಬದಲು ಎಕ್ಸಾರ್ಗ್ಸ್ (ಪಟ್ಟಿ ಕೊಟ್ಟರೆ ಒಂದೊಂದಕ್ಕೂ ಪ್ರೋಗ್ರಾಂ ಓಡಿಸುವ ಕಮಾಂಡ್) ಬಳಸಿ, ಅದಕ್ಕೆ ದೊಡ್ಡಕ್ಷರದ -ಪಿ 4 ಕೊಟ್ಟರೆ ಯಾವಾಗಲೂ ನಾಲ್ಕೇ ಓಡುತ್ತವೆ. ಒಂದು ಮುಗಿದ ತಕ್ಷಣ ಇನ್ನೊಂದು ಶುರು, ಎರಡು ನಿಮಿಷ ಕಾಯುವ ಮಾತೇ ಇಲ್ಲ. ಮಕ್ಕಳನ್ನು ಅದು ತಾನೇ ವಿಚಾರಿಸಿಕೊಳ್ಳುತ್ತದೆ, ಜೋಂಬಿ ಬೆಳೆಯುವುದಿಲ್ಲ. ಪೈಥಾನೇ ಬೇಕು ಅಂದರೆ ಬಿಟ್ಟ ಪ್ರತಿ ಪ್ರೊಸೆಸ್‌ಗೂ ವೇಯ್ಟ್ ಅಥವಾ ಪೋಲ್ ಕರೆಯಿರಿ, ಅಷ್ಟೇ.

ಮತ್ತೆ ಈ ಸಲ ಟಿಮಕ್ಸ್ ಒಳಗೆ ಹಾಕಿ. ಮನೆಯಲ್ಲಿ ನೆಟ್ ಹೋದರೂ ಕೆಲಸ ನಡೀತಿರುತ್ತೆ.


ಚಾಮರಾಜಪೇಟೆ_ಅಚ್ಚುಮೊಳೆ, ಮಧ್ಯಾಹ್ನ 12:35

ಮುಗೀತು. 600 ಪುಟವೂ ಬಂತು.

ಟೆಕ್ಸ್ಟ್ ಲೋಕಲ್ ಡಿಸ್ಕಿಗೆ, ಥ್ರೆಡ್ ಲಿಮಿಟ್ 1, ಒಮ್ಮೆಗೆ ನಾಲ್ಕು. ಲೋಡ್ ಶುರುವಿನಿಂದ ಕೊನೆವರೆಗೂ 4ರ ಆಸುಪಾಸಿನಲ್ಲೇ ಇತ್ತು, ಸಿಪಿಯು ನಾಲ್ಕೂ ಕೋರ್ ಪೂರ್ತಿ, ಸ್ಟ್ಯಾಟ್‌ನಲ್ಲಿ ನಾಲ್ಕೂ ಆರ್. ಮೊದಲು ಎಂಟು ಪುಟಕ್ಕೆ ಒಂದೂವರೆ ನಿಮಿಷ ಹಿಡಿಯುತ್ತಿತ್ತು, ಈಗ ಮುಕ್ಕಾಲು ನಿಮಿಷವೂ ಇಲ್ಲ. ಮಧ್ಯೆ ಒಂದು ಸಲ ಡಿ ಕಾಣಿಸಿ ಎದೆ ಝಲ್ಲೆಂದಿತು, ಮುಂದಿನ ಸಲಕ್ಕೆ ಆರ್ ಆಯಿತು, ಸ್ಕ್ಯಾನ್ ಓದುತ್ತಿತ್ತು ಅಷ್ಟೇ.

ಹಳೇ ಟರ್ಮಿನಲ್ ಸರ್, ಬ್ಯಾಕಪ್ ಪಾಸ್‌ವರ್ಡೂ ಬೇರೆ ಫೈಲಿಗೆ ಹಾಕಿದೆ. ಪಿಎಸ್ ಹಾಕಿ ನೋಡಿದೆ, ಈಗ ಕಾಣುತ್ತಿಲ್ಲ. ಮೇಡಂ, ಈಗ ಪ್ರೂಫ್ ನೋಡಲು ಕೂರುತ್ತಿದ್ದೇನೆ, ಮೊದಲು 417ನೇ ಪುಟದಿಂದಲೇ.